ಪಡುವಣ ಬದಿಯ ಮಣ್ಣು

ಕೆ.ಆರ್. ಪುರದ ಆ ಸೈಟಿನಲ್ಲಿ ಇಂಜಿನಿಯರ್ ಯಮುನಾ ಮೊದಲು ಗುರುತು ಹಾಕಿಸಿದ್ದು ಅಗೆಯಬೇಕಾದ ಜಾಗಕ್ಕಲ್ಲ, ಅಗೆಯಬಾರದ ಜಾಗಕ್ಕೆ. ಪಡುವಣ ಬದಿಗೆ ಸಂಜೀವಪ್ಪನವರ ವಠಾರವಿತ್ತು. ಸಾಲಾಗಿ ಶೀಟಿನ ಮನೆಗಳು. ಹಿಂಗೋಡೆಯೇ ಸೈಟಿನ ಎಲ್ಲೆ. ಆ ಗೋಡೆಗೆ ಹೇಳಿಕೊಳ್ಳುವಂಥ ಪಾಯವಿರಲಿಲ್ಲ. ಕಟ್ಟಬೇಕಾದ್ದು ನೆಲದಡಿ ಎರಡು ಅಂತಸ್ತು ಇಳಿಯುವ ಕಟ್ಟಡ. ಹಾಗಾಗಿ ಅವಳ ಯೋಜನೆ ಸರಳವಾಗಿತ್ತು: ರಸ್ತೆ ಕಡೆಯಿಂದ ಅಗೆಯುತ್ತ ಬರುವುದು, ವಠಾರದ ಪಕ್ಕ ಅಗಲವಾದೊಂದು ಪಟ್ಟಿ ಮಣ್ಣನ್ನು ಹಾಗೇ ಬಿಡುವುದು, ಅಲ್ಲಿ ಸಾಲಾಗಿ ಕಾಂಕ್ರೀಟ್ ಕಂಬಗಳನ್ನು ನೆಲದೊಳಕ್ಕೆ ಇಳಿಸಿದ ಮೇಲಷ್ಟೇ ಅದನ್ನು ಮುಟ್ಟುವುದು. ಕಂಪನಿಯವರೆಲ್ಲ ಅದಕ್ಕೆ ತಲೆಯಾಡಿಸಿದ್ದರು.

ಆದರೆ ಕಂಬ ಇಳಿಸುವ ಯಂತ್ರ ಬರಲಿಲ್ಲ. ಬೇರೆಲ್ಲೋ ಬಂಡೆಗೆ ಸಿಕ್ಕಿ ಕೆಟ್ಟು ನಿಂತಿದೆಯಂತೆ. ಮಳೆಗಾಲ ತಲೆಯ ಮೇಲಿತ್ತು. ಮಣ್ಣು ಸುರಿಯಲು ಹೊಸಕೋಟೆ ಕಡೆ ಗೊತ್ತು ಮಾಡಿದ್ದ ಹಳ್ಳವೂ ಬೇರೆಯವರ ಪಾಲಾಗುವುದರಲ್ಲಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಮಧುಕರ್ ಅವಳನ್ನು ಕರೆಸಿದ.

"ಪಟ್ಟೀನೂ ಎತ್ಬಿಡೋಣ ಯಮುನಾ. ಕಂಬ ಆಮೇಲೆ ಹಾಕ್ಕೊಳ್ಳೋಣ."

"ಆಗಲ್ಲ ಸರ್. ಒಂದು ಮಳೆ ಬಂದ್ರೆ ಗೋಡೆ ಕೂತ್ಬಿಡುತ್ತೆ. ಒಳಗೆ ಜನ ಇದ್ದಾರೆ."

"ಗೊತ್ತು ಕಣಮ್ಮ. ನನಗೂ ಮೇಲಿನವರು ಹೇಳಿದ್ದು ಇದನ್ನೇ. ನಾನು ಆಗಲ್ಲ ಅಂದ್ರೆ ನಾಳೆ ಈ ಕುರ್ಚೀಲಿ ಇನ್ನೊಬ್ಬ ಕೂತಿರ್ತಾನೆ, ಅಷ್ಟೇ."

ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು ಎಂದುಕೊಂಡು ಅವಳು ಹೊರಬಂದಳು.

ನೇರ ಸಂಜೀವಪ್ಪನವರ ಬಳಿ ಹೋದಳು. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಇಂಜಿನಿಯರ್ ನೀವು. ನಿಲ್ಸೋಕೆ ನಿಮ್ಮ ಕೈಲೇ ಆಗ್ದೆ ಇದ್ರೆ ನಾನು ಯಾರ ಹತ್ರ ಹೋಗ್ಲಿ ಹೇಳಿ? ಕಾರ್ಪೊರೇಷನ್ ಆಫೀಸಿಗೂ ಹೋಗ್ಬಂದೆ. ಪ್ಲಾನ್ ಪಾಸಾಗಿದೆ ಅಂತಾರೆ."

ತುದಿಯ ಮನೆಯಲ್ಲಿ ಕೊಪ್ಪಳ ಕಡೆಯ ಹುಲಿಗೆಪ್ಪ ಮತ್ತು ಭೀಮಬಾಯಿ ಬಾಡಿಗೆಗಿದ್ದರು. ಹುಲಿಗೆಪ್ಪ ಸೆಂಟ್ರಿಂಗ್ ಕೆಲಸಕ್ಕೆ ಇಂದಿರಾನಗರದ ಕಡೆ ಹೋಗಿದ್ದ. ಸದ್ಯಕ್ಕೆ ಮನೆ ಬಿಡಿ ಎಂದು ಯಮುನಾ ಹೇಳಿದಾಗ, ರೊಟ್ಟಿ ಬಡಿಯುತ್ತಿದ್ದ ಭೀಮಬಾಯಿ ಕೈ ನಿಲ್ಲಿಸಿ ನೋಡಿದಳು.

"ಬಿಡು ಅಂದ್ರ ಎಲ್ಲಿಗಿ ಹೋಗೂಣ್ರೀ ಮೇಡಂ? ಈ ಖೋಲಿ ಸಿಗಬೇಕಂದ್ರ ಭಾಳ ತಿರುಗೀವಿ."

ಯಮುನಾ ಹಿಂಗೋಡೆಯತ್ತ ಕೈ ತೋರಿಸಿ, "ಹಿಂದಿನ ಗೋಡೆ ಹತ್ರ ಮಾತ್ರ ಮಲಗ್ಬೇಡಿ," ಎಂದಳು. ಹೇಳಿದ ಮೇಲೆ, ಒಂದೇ ಕೋಣೆಯ ಮನೆಯಲ್ಲಿ ಹಿಂದೆಂದರೆ ಎಷ್ಟು, ಮುಂದೆಂದರೆ ಎಷ್ಟು ಎಂದು ತನಗೇ ನಾಚಿಕೆಯಾಯಿತು.

ಮರುದಿನ ಹಿಟಾಚಿ ಯಂತ್ರ ಪಟ್ಟಿಯ ಅಂಚಿಗೆ ಬಂತು. ಯಮುನಾ ಅದರೆದುರು ಹೋಗಿ ನಿಂತಳು. ಯಂತ್ರ ನಡೆಸುತ್ತಿದ್ದ ಲತೀಫ್ ಇಂಜಿನ್ ಆರಿಸಿ ಕೆಳಗಿಳಿದ. "ನೀವು ಬೇಡ ಅಂದ್ರೆ ನಾನು ಅಗಿಯಲ್ಲ ಮೇಡಂ," ಎಂದು ನೆರಳಿಗೆ ಹೋಗಿ ಕೂತ. ಗೆದ್ದೆನೆಂದು ಅವಳಿಗೆ ಅನ್ನಿಸಿದ್ದು ಊಟದ ಹೊತ್ತಿನವರೆಗೆ ಮಾತ್ರ. ಬಳಿಕ ಲತೀಫನಿಗೆ ಫೋನ್ ಬಂತು. ಅವನು ತಲೆ ತಗ್ಗಿಸಿ, ಟಿಫಿನ್ ಚೀಲ ತಗೊಂಡು ಹೊರಟ. ಅವನ ಸೀಟಿಗೆ ಬೇರೊಬ್ಬ ಏರಿದ. ಅವನು ಯಮುನಾಳ ಮುಖವನ್ನೇ ನೋಡಲಿಲ್ಲ. ಅವಳ ಪಕ್ಕದಿಂದ ಯಂತ್ರ ತಿರುಗಿಸಿ, ಇನ್ನೊಂದು ತುದಿಯಿಂದ ಮಣ್ಣು ಎತ್ತತೊಡಗಿದ. ಎಲ್ಲ ಕಡೆಯೂ ಒಬ್ಬಳೇ ನಿಲ್ಲಲು ಆಗುವುದಿಲ್ಲವಲ್ಲ.

ವಾರ ಕಳೆಯುವುದರೊಳಗೆ ಮಧ್ಯಾಹ್ನದ ಮಳೆ ಹಿಡಿಯಿತು. ಗುಂಡಿಯ ತಳದಲ್ಲಿ ಕೆಂಪು ನೀರು ನಿಂತಿತು. ಪಡುವಣ ಗೋಡೆಯ ಬುಡದಿಂದ ಮಣ್ಣು ಹಿಡಿಹಿಡಿಯಾಗಿ ಜಾರುವುದನ್ನು ಯಮುನಾ ಎದುರು ದಡದಿಂದ ಕಂಡಳು. ಕೆಸರಿನಲ್ಲೇ ಸುತ್ತು ಹಾಕಿ ವಠಾರಕ್ಕೆ ಓಡಿ, ಸಿಕ್ಕ ಸಿಕ್ಕ ಬಾಗಿಲು ಬಡಿದಳು. ಜನ ಹೊರಬಂದರು. ಭೀಮಬಾಯಿ ಮಾತ್ರ ಒಳಗೆ ಜೋಳದ ಚೀಲ ಎಳೆಯುತ್ತಿದ್ದಳು. ನೆಲದಲ್ಲಿ ಬಿರುಕು ಬಾಯಿ ಬಿಟ್ಟಿತ್ತು. ಯಮುನಾ ಅವಳ ರಟ್ಟೆ ಹಿಡಿದು ಎಳೆದಳು. ಚೀಲ ಬಿಡಲೊಲ್ಲದೆ ಅವಳು ಅದನ್ನೂ ಎಳೆದುಕೊಂಡೇ ಹೊಸ್ತಿಲು ದಾಟಿದಳು.

ಗೋಡೆ ಬಿದ್ದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಮಣ್ಣಿನ ಮೇಲೆ ಮಲಗಿದ ಹಾಗಿತ್ತು. ಬಾಗಿಲೊಳಗಿಂದ ಈಗ ನೇರ ಆಕಾಶ ಕಾಣುತ್ತಿತ್ತು. ಒಲೆ, ಪಾತ್ರೆ, ದೇವರ ಪಟ ಎಲ್ಲ ಗುಂಡಿಗೆ ಹೋಗಿದ್ದವು. ಭೀಮಬಾಯಿ ಅಳಲಿಲ್ಲ. ಚೀಲದ ಮೇಲೆ ಕೂತು, "ಅವ ಸಂಜೀಕ ಬಂದು ಏನ್ ಉಣ್ತಾನ?" ಎಂದಳು.

ಯಾರ ಜೀವಕ್ಕೂ ಅಪಾಯವಾಗಲಿಲ್ಲವೆಂದು ಮಧುಕರ್ ಎಲ್ಲರೆದುರು ಕೈ ಮುಗಿದ. ಕೆಲಸ ಕೆಲವು ದಿನ ನಿಂತಿತು. ಉಳಿದ ಮನೆಗಳೂ ಅಲುಗಿದ್ದರಿಂದ ಬಾಡಿಗೆಯವರು ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಕೊನೆಗೆ ಸಂಜೀವಪ್ಪ ಜಾಗವನ್ನು ಕಂಪನಿಗೇ ಬರೆದುಕೊಟ್ಟರು. ಸೈಟು ದೊಡ್ಡದಾಯಿತು. ಹೊಸ ಎಲ್ಲೆಯವರೆಗೆ ಅಗೆಯುವ ಯೋಜನೆ ಮಾಡಲು ಯಮುನಾಳಿಗೇ ಹೇಳಿದರು. ಕೆಲಸ ಬಿಡುತ್ತೇನೆಂದು ಅವಳು ಜೀವನ್ ಬಿಮಾ ನಗರದ ಮನೆಯಲ್ಲಿ ಅಮ್ಮನೆದುರು ಹೇಳಿದಳು. "ಬಿಟ್ರೆ ಆ ಗೋಡೆ ಎದ್ದು ನಿಲ್ಲುತ್ತಾ?" ಎಂದು ಅಮ್ಮ ಕೇಳಿದರು. ಅವಳು ಬಿಡಲಿಲ್ಲ. ತಾನಿದ್ದರೆ ಮುಂದಿನ ಬಾರಿ ಪಟ್ಟಿ ಉಳಿದೀತೆಂಬ ನಂಬಿಕೆಯೂ ಅವಳಲ್ಲಿ ಉಳಿದಿರಲಿಲ್ಲ.

ಹುಲಿಗೆಪ್ಪ ಅದೇ ಸೈಟಿಗೆ ಕೆಲಸ ಕೇಳಿಕೊಂಡು ಬಂದ. ಗಂಡಹೆಂಡತಿಗೆ ಮೂಲೆಯ ತಗಡಿನ ಶೆಡ್ ಸಿಕ್ಕಿತು. ಹೊಸದಾಗಿ ಅಗೆಯುವ ಜಾಗಕ್ಕೆ ಗುರುತು ಹಾಕಿಸುತ್ತ ಯಮುನಾ ಅತ್ತ ಬಂದಾಗ ಭೀಮಬಾಯಿ ಹೊರಗೆ ಒಲೆ ಹೂಡಿದ್ದಳು.

"ಈ ಶೆಡ್ ಬುಡಕೂ ಅಗೀತೀರೇನ್ರೀ ಮೇಡಂ?"

ಸುಳ್ಳು ಹೇಳಲು ಯಮುನಾಳಿಗೆ ಬಾಯಿ ಬರಲಿಲ್ಲ. "ಅಗೀತಾರೆ. ಮಳೆ ನಿಂತ್ಮೇಲೆ," ಎಂದಳು.

ಭೀಮಬಾಯಿ ಹಂಚಿನ ಮೇಲಿದ್ದ ರೊಟ್ಟಿ ತಿರುವಿದಳು.