ಬಿಗಿಯದ ನಟ್ಟು

ಅಕ್ಕಿಆಲೂರಿನ ಮಹಾಲಿಂಗಪ್ಪನವರ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು ಸವಣೂರಿನ ಮಲ್ಲಿಕಸಾಬ. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಹೋಗುವುದನ್ನೇ ಬಿಟ್ಟು ಎಂಜಿನ್ ಕೋಣೆಯ ಪಕ್ಕದಲ್ಲಿ ಮಲಗುತ್ತಿದ್ದ. ಇಪ್ಪತ್ತು ವರ್ಷದ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಕೂಗಿ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಕೈಸನ್ನೆಯಲ್ಲೇ ಕೆಲಸ ಮುಗಿಸುತ್ತಿದ್ದರು. ತೌಡು ತುಂಬುವ ಅಡಿವೆವ್ವ ಒಬ್ಬಳೇ, ಮಧ್ಯಾಹ್ನ ಎಂಜಿನ್ ನಿಂತಾಗ ಎದುರಿಗೆ ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡುತ್ತಿದ್ದಳು. ಮಳೆ ತಡವಾದದ್ದು, ಅಣ್ಣನ ಸಿಟ್ಟು, ಸೋರುವ ಮಾಳಿಗೆ, ಎಲ್ಲವನ್ನೂ ಅವನು ಒಂದೂ ಬಿಡದೆ ಕೇಳುತ್ತಿದ್ದ.

೧೯೪೩ರಲ್ಲಿ ಭತ್ತದೊಳಗಿನ ಕಲ್ಲೊಂದು ಸಿಕ್ಕಿಬಿದ್ದು, ಜರಡಿಯನ್ನು ಆಡಿಸುವ ಶಾಫ್ಟು ಮುರಿಯಿತು. ಯುದ್ಧದ ಕಾಲ; ಮುಂಬಯಿಯಿಂದ ಹೊಸದು ಬರಲಿಲ್ಲ. ಮಲ್ಲಿಕಸಾಬ ಕಮ್ಮಾರನಿಂದ ಮುರಿದದ್ದಕ್ಕೇ ಬೆಸುಗೆ ಹಾಕಿಸಿದ. ಎರಡು ಕಬ್ಬಿಣದ ತಟ್ಟೆಗಳ ನಡುವೆ ಚರ್ಮವಿಟ್ಟು, ಸ್ಪ್ರಿಂಗು, ನಟ್ಟುಗಳಿಂದ ಒತ್ತಿ ಒಂದು ಕ್ಲಚ್ ಮಾಡಿ ಶಾಫ್ಟಿಗೆ ಕೂಡಿಸಿದ. ಭಾರ ಮಿತಿ ಮೀರಿದರೆ ಒಂದು ತಟ್ಟೆ ಜಾರಿ ಸುಮ್ಮನೆ ತಿರುಗುತ್ತಿತ್ತು, ಶಾಫ್ಟು ನಿಂತುಬಿಡುತ್ತಿತ್ತು.

"ದಿನಾ ನಾಕ ಸಲ ನಿಂತ್ರ ಹೆಂಗ, ಸಾಬ? ನಟ್ಟು ಬಿಗಿ ಮಾಡು," ಎಂದು ಮಹಾಲಿಂಗಪ್ಪ ಅವನ ಕಿವಿಯ ಬಳಿ ಕೂಗಿದರು.

"ಬಿಗಿ ಮಾಡಿದ್ರ ಮತ್ತ ಮುರೀತೈತ್ರಿ. ನಾ ಮಾಡಂಗಿಲ್ರಿ."

ಅವರು ಗೊಣಗುತ್ತ ಹೋದರು.

ಸುಗ್ಗಿಯ ಒಂದು ಬೆಳಿಗ್ಗೆ ಮಲ್ಲಿಕಸಾಬನ ಮೂಗಿಗೆ ಸುಟ್ಟ ಚರ್ಮದ ವಾಸನೆ ಬಡಿಯಿತು. ಒಳಗೆ ಓಡಿದ. ಅಡಿವೆವ್ವನ ಸೆರಗು ಶಾಫ್ಟಿಗೆ ಸುತ್ತಿಕೊಂಡು ಅವಳನ್ನು ಚೌಕಟ್ಟಿಗೆ ಒತ್ತಿ ಹಿಡಿದಿತ್ತು. ಶಾಫ್ಟು ನಿಂತಿತ್ತು, ತಟ್ಟೆ ಮಾತ್ರ ಹೊಗೆಯಾಡುತ್ತ ತಿರುಗುತ್ತಿತ್ತು. ಅವಳು ಕಿರುಚುತ್ತಿದ್ದುದು ಅವನಿಗೆ ಕಂಡಿತು, ಕೇಳಲಿಲ್ಲ. ಕೋಲಿನಿಂದ ಚಕ್ರ ತಿರುಗಿಸುವ ಪಟ್ಟಾ ಕೆಳಗೆ ಬೀಳಿಸಿ ಸೆರಗು ಕೊಯ್ದ. ಭುಜ ತರಚಿತ್ತು, ಎಲುಬು ಮುರಿದಿರಲಿಲ್ಲ.

ಸಂಜೆ ಅವಳ ಅಣ್ಣ ಮಾಳಪ್ಪ ಬಂದು ಮಲ್ಲಿಕಸಾಬನ ಎರಡೂ ಕೈ ಹಿಡಿದುಕೊಂಡ.

"ನಿಮ್ಮಿಂದ ನನ್ನ ತಂಗಿ ಉಳದಾಳ್ರಿ. ಇನ್ನ ಆಕೀನ್ನ ಗಿರಣಿಗೆ ಕಳಸೂದಿಲ್ಲ."

ಎರಡು ಸಲ ಹೇಳಿಸಿಕೊಂಡ ಮೇಲೆ ಅವನಿಗೆ ತಿಳಿಯಿತು.

"ಕಳಸಬ್ಯಾಡ್ರಿ. ಅದ ಛಲೋ," ಎಂದ.

ಸಂತೆಯ ದಿನ ಅಡಿವೆವ್ವನಿಗೆಂದು ಒಂದು ಸೇರು ಶೇಂಗಾ ಕೊಂಡು ಮಾಳಪ್ಪನ ಓಣಿಯವರೆಗೆ ಹೋದ. ಅಂಗಳದಲ್ಲಿ ಅಡಿವೆವ್ವ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಗಾಯದ ತೋಳು ಸಲೀಸಾಗಿ ಏಳುತ್ತಿತ್ತು. ಅದನ್ನು ಕಂಡು ಅವನ ಎದೆ ಹಗುರಾಯಿತು. ಕರೆಯಬೇಕೆಂದುಕೊಂಡ, ಏನೆಂದು ಕರೆಯುವುದೋ, ಕರೆದು ಏನು ಹೇಳುವುದೋ ತೋಚಲಿಲ್ಲ. ಅವಳು ಈ ಕಡೆ ತಿರುಗುವ ಮೊದಲೇ ಗಿರಣಿಯ ದಾರಿ ಹಿಡಿದ. ಶೇಂಗಾ ಸುಲಿದು ತಿನ್ನುತ್ತ, ಸಿಪ್ಪೆಯನ್ನು ದಾರಿಯುದ್ದಕ್ಕೂ ಚೆಲ್ಲುತ್ತ ನಡೆದ.