ಮೂವತ್ತು ಎಣಿಸುವವರೆಗೆ

ಗುಜರಿಯವನು ಕಂಪ್ಯೂಟರಿನ ಮೇಜಿನ ಒಂದು ಬದಿಯನ್ನು ಎತ್ತಿಯಾಗಿತ್ತು. ಇನ್ನೊಂದು ಬದಿಗೆ ಸೋದರಮಾವ ಕೈ ಹಾಕುವಷ್ಟರಲ್ಲಿ ಮನೆಯ ಮಗಳು ಬಂದು ಮೇಜಿನ ಮೇಲೇ ಕೂತುಬಿಟ್ಟಳು.

"ಇಳಿಯೇ ಕೆಳಗೆ. ಹನ್ನೊಂದಕ್ಕೆ ವ್ಯಾನ್ ಬರುತ್ತೆ. ನಿಮ್ಮಮ್ಮನ್ನ ಈ ಡಬ್ಬದ ಮೇಲೆ ಹಾರಿಸ್ಕೊಂಡು ಹೋಗಕ್ಕಾಗುತ್ತಾ?" ಎಂದರು ಮಾವ.

"ಅಮ್ಮ ಆರು ವರ್ಷ ಇದನ್ನ ಸುತ್ತಿ ಬಳಸ್ಕೊಂಡೇ ಓಡಾಡಿದಾಳೆ ಮಾವ. ಇವತ್ತೂ ಹಾಗೇ ಹೋಗ್ತಾಳೆ."

ಮುಂಕೋಣೆಯ ಅರ್ಧವನ್ನು ಆ ಕಂಪ್ಯೂಟರೇ ನುಂಗಿತ್ತು. ಅಂಚು ಉರುಟಾಗಿ ಉಜ್ಜಿ ಪಾಲಿಶ್ ಹೊಡೆದ ಪ್ಲೈವುಡ್ ಮೈ, ಹಳೇ ಟೈಪ್‌ರೈಟರಿನ ಕೀಲಿಗಳು, ರೇಡಿಯೋದಿಂದ ಕಿತ್ತ ತಿರುಪುಗಳು. ಎದುರಿಗೆ ಊಟದ ತಟ್ಟೆಯಷ್ಟೇ ಅಗಲದ, ಉಬ್ಬುಗಣ್ಣಿನ ಮೂರು ಟಿವಿ ಪಿಕ್ಚರ್ ಟ್ಯೂಬುಗಳು. ಮೂರಕ್ಕೂ ಬೇರೆ ಬೇರೆ ಸ್ವಿಚ್ಚು. ಕೋಣೆಯ ಉಳಿದರ್ಧದಲ್ಲಿ, ಬಿಳಿ ಹೊದಿಕೆಯ ಕೆಳಗೆ, ಅದನ್ನು ಕಟ್ಟಿದವಳು ಮಲಗಿದ್ದಳು.

"ಒಳಗೆ ತಾಮ್ರ ಗೀಮ್ರ ಇದೆಯಾ ಸಾರ್?" ಎಂದ ಗುಜರಿಯವನು.

"ನಮ್ಮಕ್ಕನ ಹಟ ಇದೆ. ತೂಕಕ್ಕೆ ಬರುತ್ತಾ ನೋಡು." ಮಾವ ಅಕ್ಕನ ಮಗಳ ಕಡೆ ತಿರುಗಿದರು. "ಸತ್ತಿದೆ ಕಣೆ ಅದು. ಅಕ್ಕ ಆಸ್ಪತ್ರೆ ಸೇರಿದ ದಿನವೇ ನೋಡ್ದೆ. ಹತ್ತು ಸಲ ಒತ್ತಿದೀನಿ, ಹತ್ತಲಿಲ್ಲ."

"ಹತ್ತು ಸಲ ಒತ್ತಿದ್ರಾ?"

ಕೇಳಿದ್ದು ಮೂಲೆಯಲ್ಲಿ ಕೂತಿದ್ದ ಎತ್ತರದ ಹೆಂಗಸು, ಎಲ್ಲರ ಬಾಯಲ್ಲಿ ಉದ್ದಕ್ಕ. ಸತ್ತವಳು ಟ್ಯೂಬಿನ ಕಾರ್ಖಾನೆಗೆ ಹೋಗುತ್ತಿದ್ದಾಗ ಪಕ್ಕದ ಸ್ಟೂಲು ಅವಳದು.

* * *

ಕಾರ್ಖಾನೆಯ ಕತ್ತಲೆ ಕೋಣೆಯಲ್ಲಿ ಅವರಿಬ್ಬರದೂ ಒಂದೇ ಕೆಲಸ: ಹೊಸ ಟ್ಯೂಬಿಗೆ ಕರೆಂಟು ಕೊಟ್ಟು, ಅದು ಹತ್ತುವವರೆಗೆ ಎಣಿಸುವುದು. ಒಳಗಿನ ತಂತಿ ಬಿಸಿಯಾಗುವವರೆಗೆ ಗಾಜು ಕಪ್ಪಗೇ ಇರುತ್ತದೆ. ಮೂವತ್ತು ಎಣಿಸುವ ಮುಂಚೆ ಯಾವ ಟ್ಯೂಬಿಗೂ ಕೆಟ್ಟಿದೆ ಎಂದು ಕೆಂಪು ಗೀಟು ಹಾಕುವಂತಿರಲಿಲ್ಲ.

ಕಾರ್ಖಾನೆ ಮುಚ್ಚಿದ ದಿನ ಉಳಿದ ಟ್ಯೂಬುಗಳನ್ನೆಲ್ಲ ಒಡೆಯಿರಿ ಎಂದ ಮ್ಯಾನೇಜರು. "ಇನ್ನು ಇದನ್ನ ಯಾರಮ್ಮ ನೋಡ್ತಾರೆ?"

"ನಾನು ನೋಡ್ತೀನಿ," ಎಂದಳು ಈಗ ಹೊದಿಕೆಯ ಕೆಳಗೆ ಮಲಗಿರುವವಳು. ಮೂರನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಮುಂದಿನ ಗೇಟಿನಿಂದಲೇ ಹೊರಟಳು.

"ಚೀಲದಲ್ಲಿ ಏನು?" ಎಂದು ಕಾವಲಿನವನು ತಡೆದ.

"ಮೂರು ಹೆಣ. ನಿಮ್ಮ ಸಾಹೇಬರೇ ಸತ್ತಿವೆ ಅಂದ್ರು. ಬೇಕಾದ್ರೆ ಹೋಗಿ ಕೇಳು."

ಅವನು ಕೇಳಲು ಹೋಗಲಿಲ್ಲ.

* * *

"ಹಾಗೆ ಟಪಟಪ ಒತ್ತಿದ್ರೆ ಫ್ಯೂಸ್ ಹೋಗುತ್ತೆ," ಎಂದು ಉದ್ದಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಹಿಂಬದಿಯ ಮುಚ್ಚಳ ಬಿಚ್ಚಿದಳು. ಒಳಗೆ ಅಂಟಿಸಿದ್ದ ಬೆಂಕಿಪೊಟ್ಟಣ ಸಿಕ್ಕಿತು, ಅದರ ತುಂಬ ಗಾಜಿನ ಫ್ಯೂಸುಗಳು. ಮೇಲೆ ಸತ್ತವಳ ದಪ್ಪಕ್ಷರ: *ತಮ್ಮ ಬಂದು ಹೋದ ಮೇಲೆ.*

ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದರು. ಮಾವ ಪೊಟ್ಟಣವನ್ನು ಇಸಿದುಕೊಂಡು ಎರಡು ಸಲ ಓದಿದರು.

"ಸರಿ," ಎಂದರು, ದನಿ ಒರಟಾಗಿತ್ತು. "ಮೂರೂ ಹತ್ತಿದ್ರೆ ಇಟ್ಕೋ. ಒಂದು ಹತ್ತದಿದ್ರೂ ಇವನು ಹೊತ್ಕೊಂಡು ಹೋಗ್ತಾನೆ. ಆಯ್ತಾ?"

"ಆಯ್ತು. ಆದ್ರೆ ನೀವು ಕೈ ಕಟ್ಕೊಂಡು ನಿಂತ್ಕೋಬೇಕು."

ಉದ್ದಕ್ಕ ಹೊಸ ಫ್ಯೂಸು ಕೂರಿಸಿದಳು. ಮಗಳು ಮೊದಲ ಸ್ವಿಚ್ಚು ಒತ್ತಿದಳು. ಒಂದೇ ಸಲ.

"ಒಂದು," ಎಂದಳು ಉದ್ದಕ್ಕ. "ಎರಡು. ಮೂರು."

* * *

ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡುತ್ತಿದ್ದ ಅಮ್ಮನ ಕೈ ಬಿಟ್ಟು, ಗಡಿಯಾರ ನೋಡಿ, ಮುಖದ ಮೇಲೆ ಹೊದಿಕೆ ಎಳೆಯಲು ಬಗ್ಗಿದಾಗ ಮಗಳು ಹೊದಿಕೆಯ ಅಂಚನ್ನು ಹಿಡಿದುಕೊಂಡಿದ್ದಳು. "ಸ್ವಲ್ಪ ತಡೀರಿ." ತುಟಿ ಅಲುಗದಂತೆ ಮೂವತ್ತು ಎಣಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ಅಂಚನ್ನು ಬಿಟ್ಟಳು.

* * *

"ಇಪ್ಪತ್ತೊಂಬತ್ತು. ಮೂವತ್ತು."

ಗಾಜು ಕಪ್ಪಗೇ ಇತ್ತು.

"ಮುಗೀತಲ್ಲ," ಎಂದರು ಮಾವ, ಗೆದ್ದವರ ದನಿಯಲ್ಲಲ್ಲ.

"ಮೂವತ್ತೊಂದು," ಎಂದ ಗುಜರಿಯವನು. ಎಲ್ಲರೂ ತಿರುಗಿ ನೋಡಿದ್ದಕ್ಕೆ ನಾಚಿ, "ವಯಸ್ಸಾಗಿದೆಯಲ್ಲ ಸಾರ್, ನಿಧಾನ ಇರುತ್ತೆ" ಎಂದ. ಅವನು ಬಾಯಿ ಮುಚ್ಚುವ ಮುಂಚೆ ಗಾಜಿನ ನಡುವೆ ಸಾಸಿವೆಯಷ್ಟು ಹಸಿರು ಹುಟ್ಟಿ, ಅಂಚಿನವರೆಗೂ ಹರಡಿತು.

ಎರಡನೆಯದು ಮೂವತ್ತಾರಕ್ಕೆ ಬಂತು. ಅಷ್ಟು ಹೊತ್ತಿಗೆ ಅರ್ಧ ಮನೆ ಎಣಿಸುತ್ತಿತ್ತು. ಮಗಳು ಮೂರನೆಯದನ್ನು ಒತ್ತುತ್ತಿದ್ದಂತೆ ಹೊರಗೆ ವ್ಯಾನಿನ ಹಾರನ್ ಕೂಗಿತು. ಎಣಿಕೆ ನಿಂತಿತು. ಡ್ರೈವರ್ ಬಾಗಿಲಿಗೆ ಬಂದು, "ಹನ್ನೊಂದಾಯ್ತು, ಎತ್ತೋಣ್ವಾ?" ಎಂದ.

ಹಸಿರು ಬೆಳಕು ಬಿಳಿ ಹೊದಿಕೆಯ ಮೇಲೆ, ಮಲಗಿದವಳ ಪಾದದಿಂದ ಮೊಣಕಾಲಿನವರೆಗೆ ಏರಿತ್ತು.

ಮಾವ ಡ್ರೈವರನತ್ತ ತಿರುಗದೆ, ಬೆಂಕಿಪೊಟ್ಟಣ ಹಿಡಿದ ಕೈಯನ್ನೇ ಹಿಂದಕ್ಕೆ ಚಾಚಿ ತಡೆದರು. ಕಣ್ಣು ಮೂರನೆಯ ಗಾಜಿನ ಮೇಲಿತ್ತು.

"ಒಂದು," ಎಂದರು. "ಎರಡು."