ನನ್ನ ಕೀಲಿಕೈ ತುಂಡಾಗಿರಲಿಲ್ಲ

ನಾನು ಒಂದು ಬ್ಯಾಕ್ಟೀರಿಯ. ಹೆಸರು ಲಿಸ್ಟೀರಿಯ. ಮದ್ದೂರಿನ ಹತ್ತಿರ ಒಂದು ಕೊಟ್ಟಿಗೆಯ ಹಿಂದೆ, ಹಸುಗಳಿಗೆಂದು ಹುದುಗಿಸಿಟ್ಟು, ಚೀಲ ತೂತುಬಿದ್ದು ಕೊಳೆತ ರಸಮೇವಿನೊಳಗೆ ಹುಟ್ಟಿದೆ. ಹೆತ್ತವಳು ಎರಡಾಗಿ ಸೀಳಿಕೊಂಡಳು, ಒಂದು ಹೋಳು ನಾನು. ಮೇವು ತಿಂದ ಹಸುವಿನ ಹೊಟ್ಟೆ ದಾಟಿ ಸಗಣಿಗೆ ಬಂದೆ. ಸಗಣಿ ಮೆತ್ತಿದ ಕೆಚ್ಚಲಿನಿಂದ ಹಾಲು ಕರೆಯುವ ತಂಬಿಗೆಗೆ ಇಳಿದೆ.

ತಂಬಿಗೆಯ ಬೆಸುಗೆಯ ಸಂದಿಯಲ್ಲಿ ನಮ್ಮವರೇ ಇದ್ದರು. ಅದೇ ಹೆಸರು, ಅದೇ ರೂಪ, ತಳಿ ಮಾತ್ರ ಬೇರೆ. ಮನುಷ್ಯರ ಜೀವಕೋಶದ ಬಾಗಿಲು ತೆಗೆಯಲು ನಮ್ಮ ಮೈಮೇಲೆ ಪ್ರೋಟೀನಿನ ಕೀಲಿಕೈ ಇರುತ್ತದೆ. ಅವರ ವಂಶವಾಹಿಯಲ್ಲಿ ಎಂದೋ ಒಂದಕ್ಷರ ತಪ್ಪಿ, ಕೀಲಿಕೈ ಅರ್ಧಕ್ಕೇ ತುಂಡಾಗಿ, ಮೈಗೆ ಅಂಟದೆ ಉದುರಿಹೋಗುತ್ತಿತ್ತು. ಮೂವತ್ತು ವರ್ಷದಿಂದ ಆ ಮನೆಯವರ ಹೊಟ್ಟೆ ಸೇರಿ, ಬರಿಗೈಲಿ ಹೊರಬೀಳುತ್ತಿದ್ದ ದಂಡಪಿಂಡಗಳು! ನನ್ನ ಕೀಲಿಕೈ ಪೂರ್ತಿ ಇತ್ತು.

ಮನೆಯೊಡತಿ ಚಿಕ್ಕತಾಯಮ್ಮ. ಮಗಳು ಹರ್ಷಿತ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ತಾಯಿ ಆಗಷ್ಟೇ ಕರೆದ ಹಾಲನ್ನು ಲೋಟಕ್ಕೆ ಬಗ್ಗಿಸಿದಳು.

"ಕಾಯಿಸ್ಕೊಡವ್ವ," ಅಂದಳು ಹರ್ಷಿತ. "ಆಸ್ಪತ್ರೇಲಿ ಹಸಿ ಹಾಲು ಬ್ಯಾಡ ಅಂದವ್ರೆ."

"ಕಾಯಿಸುದ್ರೆ ಸತ್ವ ಎಲ್ಲಾ ಹೊಂಟೋಯ್ತದೆ ಕಣವ್ವ. ನೊರೆಹಾಲು ಕುಡ್ಕಂಡೇ ಅಲ್ವಾ ನಾನು ನಿನ್ನ ಹೆತ್ತಿದ್ದು? ಏನಾಯ್ತು? ಕುಡಿ."

ಮಗಳು ಕುಡಿದಳು. ಇಂಥ ಮೊಂಡು ಪ್ರೀತಿ ಇರುವವರೆಗೆ ನನಗೆ ಉಪವಾಸವಿಲ್ಲ.

ಕರುಳಿನ ಕೋಶದ ಬಾಗಿಲಿಗೆ ಕೀಲಿಕೈ ಹಾಕಿದೆ. ಕೋಶವೇ ನನ್ನನ್ನು ಒಳಗೆಳೆದುಕೊಂಡಿತು. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮಾಸಿಗೆ. ಮಗುವಿಗೆ ಕಾವಲಿರುವ ಆ ಮಾಸಿನ ಬೀಗಕ್ಕೂ ಇದೇ ಕೀಲಿಕೈ ಸಾಕು. ಹರ್ಷಿತಳಿಗೆ ಸ್ವಲ್ಪ ಜ್ವರ, ಸೊಂಟನೋವು ಅಷ್ಟೆ. ಚಿಕ್ಕತಾಯಮ್ಮ ಹಣೆಗೆ ಒದ್ದೆಬಟ್ಟೆ ಹಾಕಿ, ಶಕ್ತಿ ಬರಲೆಂದು ಇನ್ನೊಂದು ಲೋಟ ನೊರೆಹಾಲು ಕುಡಿಸಿದಳು. ನಾನು ನಕ್ಕೆ. ಮಗು ದಿನದಿಂದ ದಿನಕ್ಕೆ ಮೆಲ್ಲಗೆ ಒದೆಯುತ್ತ ಬಂದು, ಒಂದು ಬೆಳಿಗ್ಗೆ ಒದೆಯುವುದನ್ನೇ ಬಿಟ್ಟಿತು. ಹೆಣ್ಣುಮಗು, ಸತ್ತೇ ಹುಟ್ಟಿತು.

ಆಸ್ಪತ್ರೆಯವರು ಮಾಸಿನ ಚೂರಿನಿಂದ ನನ್ನನ್ನೂ, ತಂಬಿಗೆ ಕೆರೆದು ಆ ದಂಡಪಿಂಡಗಳನ್ನೂ ಹಿಡಿದು ಪ್ರಯೋಗಾಲಯದಲ್ಲಿ ಬೆಳೆಸಿದರು. ಈಗ ನನ್ನ ವಾಸ ಫ್ರೀಜರಿನ ಮೂಲೆಯ ಒಂದು ನಳಿಕೆಯಲ್ಲಿ. ಸಾವಿಲ್ಲ, ಕೆಲಸವೂ ಇಲ್ಲ. ಇಲ್ಲಿಗೆ ಹಾಕುವ ಮುಂಚೆ ಡಾಕ್ಟರು ನಮ್ಮನ್ನು ಬೆಳೆಸಿದ ಎರಡು ತಟ್ಟೆಗಳನ್ನು ಮೇಜಿನ ಮೇಲಿಟ್ಟು ಚಿಕ್ಕತಾಯಮ್ಮನಿಗೆ ಬಿಡಿಸಿ ಹೇಳಿದ್ದರು.

"ಅಮ್ಮಾ, ನೀವು ಬಸುರಿಯಾಗಿದ್ದಾಗ ಕುಡಿದ ಹಾಲಲ್ಲಿ ಬಹುಶಃ ಇದಿತ್ತು. ಇದಕ್ಕೆ ಒಳಗೆ ನುಗ್ಗೋಕೆ ಬರಲ್ಲ. ಮಗಳು ಕುಡಿದದ್ದರಲ್ಲಿ ಆ ಇನ್ನೊಂದೂ ಸೇರಿತ್ತು, ಅದು ನುಗ್ಗುತ್ತೆ. ಕಾಯಿಸಿದ್ದರೆ ಎರಡೂ ಸಾಯ್ತಿದ್ವು."

ಅವಳು ತಟ್ಟೆಗಳನ್ನು ತಿರುತಿರುಗಿ ನೋಡಿದಳು. ಎರಡೂ ಒಂದೇ ಥರ ಇದ್ದವು.

"ಅಂಗಾರೆ ಸಾ, ಏನೂ ಮಾಡ್ದಿರೋದ್ನ ನಾನು ಕುಡ್ದು, ಕೊಲ್ಲೋದ್ನ ನನ್ ಮಗ್ಳಿಗೆ ಕುಡುಸ್ಬುಟ್ನಾ?"

ಡಾಕ್ಟರು ತಟ್ಟೆಗಳನ್ನು ಎತ್ತಿಕೊಂಡರು. ನನಗೆ ಬಾಯಿದ್ದಿದ್ದರೆ ಹೌದು ಎನ್ನುತ್ತಿದ್ದೆ.